ಕಾವಿ ಬಣ್ಣ

ಬೀದರಿನ ಆಸ್ಪತ್ರೆಯಲ್ಲಿ ಡಾಕ್ಟರ್ ನಜಮೋದ್ದೀನರು ಕಂಪ್ಯೂಟರಿನ ಪರದೆಯನ್ನು ತಿರುಗಿಸಿದ್ದೇ ತಡ, ಸಖುಬಾಯಿ ಕುರ್ಚಿ ಬಿಟ್ಟು ಎದ್ದೇಬಿಟ್ಟಳು.

"ನಡೀರಿ ಮನಿಗೆ," ಎಂದಳು ಗಂಡನಿಗೆ. "ಕಾವಿ ಹಚ್ಯಾರ ನನಗ."

ಧೊಂಡಿಬಾ ನೋಡಿದ. ಆಕೆಯ ಗರ್ಭಚೀಲದ ಬಾಯಿಯ ಕ್ಯಾನ್ಸರ್ ಗಂಟಿನಿಂದ ಚಿವುಟಿ ತೆಗೆದ ತುಣುಕಿನ ಚಿತ್ರ. ಅದರ ತುಂಬ ಕಾವಿ ಬಣ್ಣದ ಕಲೆ. ಅವನಿಗೂ ಕುರಿಗಳೇ ನೆನಪಾದವು. ನಿನ್ನೆಯಷ್ಟೇ ಔರಾದಿನ ವ್ಯಾಪಾರಿ ಲಾಲ ಅಹ್ಮದ ತಮ್ಮ ಕುರಿಹಿಂಡಿಗೆ ಬಂದು, ಕಸಾಯಿಗೆ ಬೇಕಾದ ಕುರಿಗಳ ಬೆನ್ನಿಗೆ ಇದೇ ಬಣ್ಣ ಬಳಿದು ಹೋಗಿದ್ದ. ಬಳಿಸಿಕೊಂಡ ಕುರಿ ತಿರುಗಿ ಬಂದದ್ದುಂಟೇ? ಮಳೆಯಿಲ್ಲದೆ ಮೇವು ಮುಗಿದಿತ್ತು. ಉಳಿದವನ್ನು ಹೊಡೆದುಕೊಂಡು ನಾಳೆ ಗೋದಾವರಿ ದಂಡೆಗೆ ಹೊರಡಬೇಕು. ಸಖುಬಾಯಿಯದು ಒಂದೇ ಹಟ: ಉಳಿಯುವ ಆಸೆಯಿದ್ದರೆ ಕಲಬುರಗಿಗೆ ಹೋಗಿ ಗಂಟು ಸುಡುವ ರೇಡಿಯೇಶನ್ ಕರೆಂಟು ಹಿಡಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಹಿಂಡಿನ ಹಿಂದೆ ನಡೆಯುತ್ತೇನೆ.

"ಕೂಡ್ರಿ ಅವ್ವಾ, ಕೂಡ್ರಿ!" ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಬಣ್ಣ ನಾವೇ ಹಚ್ಚಿದ್ದು ಖರೇ. ಗಂಟಿನೊಳಗ ಒಂದು ಪ್ರೋಟೀನ್ ಇದ್ರನ ಅದು ಹಿಡೀತದ, ಇಲ್ಲಂದ್ರ ತೊಳೆದು ಹೋಗ್ತದ. ನಿಮ್ಮದ್ರಾಗ ಹ್ಯಾಂಗ ಹಿಡಿದದ ನೋಡ್ರಿ!"

"ಹಿಡಿದ್ರ ಏನಾತ್ರಿ, ಸಾಹೇಬ್ರ?" ಧೊಂಡಿಬಾ ಕೇಳಿದ.

"ಹಿಂಗ ಹಿಡಿದವ್ರಿಗೆ ಕರೆಂಟು ಛಲೋ ನಾಟ್ತದ. ಭಾಳ ಮಂದಿ ಉಳೀತಾರ. ಖಾತ್ರಿ ಕೊಡಂಗಿಲ್ಲ ನಾ, ಒಂದು ದಿನಾನೂ ತಪ್ಪಿಸಬಾರ್ದು ಮತ್ತ. ಆದ್ರ ಈ ಚಿತ್ರ ನೋಡಿ ಮುಂಜಾನಿಂದ ನನಗ ಕುಂತಲ್ಲಿ ಕೂಡ್ಲಿಕ್ಕಾಗವಲ್ದು!"

ಸಖುಬಾಯಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. "ಅಂದ್ರ ಬಣ್ಣ ಹಿಡಿದದ್ದು ಉಳಿಯೂದೇನ್ರಿ?"

"ಹೌದವ್ವಾ. ಹಿಡೀದಿದ್ರ ನನಗ ಚಿಂತಿ ಇತ್ತು."

ಆಕೆ ಗಂಡನನ್ನು ಮೊಣಕೈಯಿಂದ ತಿವಿದಳು. "ನಿಮ್ಮ ಮಾರಿ ನೋಡ್ಕೋರಿ, ನಿಮಗ ಕಾವಿ ಹಚ್ಚಿದಂಗ ಆಗ್ಯದ!"

ಔರಾದ ಬಸ್ಸಿನಲ್ಲಿ ಆಕೆಯ ಬಾಯಿ ಒಂದು ಗಳಿಗೆ ಸುಮ್ಮನಿರಲಿಲ್ಲ. ಕಲಬುರಗಿಗೆ ತಂಗಿ ಜನಾಬಾಯಿ ಜೊತೆಗೆ ಬರುವುದು, ಧೊಂಡಿಬಾ ಹಿಂಡು ನಡೆಸುವುದು, ಹಾಲುಮರಿಗಳನ್ನು ಹೆಗಲ ಮೇಲೆ ಹೊರುವುದು, ಎಲ್ಲ ಆಕೆಯೇ ಠರಾಯಿಸಿದಳು. ಕೇಳುತ್ತ ಧೊಂಡಿಬಾ ತಲೆಗೆ ಸುತ್ತಿದ ಪಟಕಾದ ಸೆರಗಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಂಡ. ಬಸ್ಸಿನಲ್ಲಿ ಧೂಳು ಬಹಳ ಎಂದ.

ಮರುದಿನ ಬೆಳಿಗ್ಗೆ ಟೆಂಪೋ ತಂದ ಲಾಲ ಅಹ್ಮದ ಹಿಂಡಿನ ಮುಂದೆ ಬೆಪ್ಪಾಗಿ ನಿಂತ. ಟಗರು, ಕುರಿ, ನಿನ್ನೆ ಮೊನ್ನೆ ಹುಟ್ಟಿದ ಮರಿ, ಒಂದೊಂದರ ಬೆನ್ನಿಗೂ ಕಾವಿ!

"ಯಾ ಅಲ್ಲಾ! ಇದ್ರಾಗ ನಾ ಗುರ್ತು ಮಾಡಿದ್ದು ಯಾವು, ಧೊಂಡಿಬಾ?"

ಧೊಂಡಿಬಾ ಆಕಾಶ ನೋಡಿದ. ಕಲಬುರಗಿಗೆ ಹೊರಟು ನಿಂತ ಸಖುಬಾಯಿ ಚೀಲ ಹೆಗಲಿಗೇರಿಸಿದಳು. ಆಕೆಯ ಕೈ ಮೊಣಕೈತನಕ ಕೆಂಪಗಿತ್ತು.

"ಹುಡುಕ್ಕೋರಿ ಅಣ್ಣಾ," ಎಂದಳು. "ಕಾವಿ ಇಲ್ಲದ್ದು ಸಿಕ್ರ ಒಯ್ರಿ."