ನಾರು ತೆಗೆಯುವ ಯಂತ್ರ

"ಇದು ಅಂಗಡೀಲೇ ಸಿಗುತ್ತಲ್ಲಮ್ಮ," ಎಂದು ಅಧಿಕಾರಿ ಹೊಸ ಯಂತ್ರದ ಮೇಲೆ ಕೈಯಾಡಿಸಿದರು. "ಹೊಸದಾಗಿ ಕಂಡುಹಿಡಿದೋರಿಗೆ ಸರ್ಕಾರ ಅನುದಾನ ಕೊಡೋದು. ಬಾಳೆದಿಂಡಿಂದ ನಾರು ತೆಗೆಯೋಕೆ ನಿಮ್ಮ ಯಜಮಾನ್ರೇ ಒಂದು ಯಂತ್ರ ಕಟ್ಟಿದ್ರಂತಲ್ಲ, ಅದೆಲ್ಲಿ? ನಾನು ನೋಡೋಕೆ ಬಂದಿದ್ದು ಅದನ್ನೇ."

ಸುಧಾಮಣಿ ತಲೆ ತಗ್ಗಿಸಿದಳು. ಸೈಕಲ್ ಚೈನು, ಕಬ್ಬಿನ ಗಾಣದ ರೋಲರು, ಹಳೇ ಪಂಪಿನ ಮೋಟಾರು ಸೇರಿಸಿ ಗಂಡ ಮೃತ್ಯುಂಜಯ ಕಟ್ಟಿದ್ದ ಯಂತ್ರ ಅದು. ಅವನು ತೀರಿಕೊಂಡ ಮೇಲೂ ಮನೆ ನಡೆಸಿದ್ದು ಅದೇ. ಸಾಹೇಬರು ಕಂಡರೆ ನಕ್ಕಾರು ಎಂದು ಹೆದರಿ, ಅತ್ತೆ ಹರವೆಯ ಮಗಳ ಮನೆಗೆ ಹೋಗಿದ್ದಾಗ, ಅವಳೇ ಅದನ್ನು ಗುಂಡ್ಲುಪೇಟೆಯ ಗುಜರಿಗೆ ಹಾಕಿ, ಈ ಹೊಸದನ್ನು ತಂದಿಟ್ಟಿದ್ದಳು.

"ಗುಜರಿಯೋರು ಒಡ್ದು ಕರಗ್ಸಕೆ ಕಳಿಸ್ಬುಟ್ರಂತೆ ಸಾ," ಎಂದಳು. ಅಧಿಕಾರಿ ಜೀಪಿನತ್ತ ನಡೆದರು.

ಅಷ್ಟರಲ್ಲಿ, ಬೆಳಗಿನ ಬಸ್ಸಿಗೆ ಹರವೆಯಿಂದ ವಾಪಸಾಗಿದ್ದ ಅತ್ತೆ ಶಿವರುದ್ರಮ್ಮ ಸ್ನಾನ ಮುಗಿಸಿ, ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಬಂದರು. ಮಗ ಹೋದಾಗಿನಿಂದ, ಮನೆಯಲ್ಲಿದ್ದ ದಿನ ಅವನ ಯಂತ್ರಕ್ಕೆ ವಿಭೂತಿ ಇಡದೆ ಅವರು ಕಾಫಿ ಕುಡಿದವರಲ್ಲ. ಫಳಫಳ ಹೊಳೆಯುವ ಹೊಸ ಯಂತ್ರದ ಮುಂದೆ ಅವರ ಕೈ ಹಾಗೇ ನಿಂತಿತು.

"ನನ್ ಕೂಸೆಲ್ಲಮ್ಮಿ?" ಎಂದರು.