ಕಲ್ಲಿನ ಮೇಲಿನ ಹತ್ತೊಂಬತ್ತು

ಕಲ್ಲುಕುಟಿಗ ಜೆನೆಕ್ ಸುತ್ತಿಗೆ ಎತ್ತಿದ್ದೇ ತಡ, ಪೆಟ್ರೊನೇಲಜ್ಜಿ ಸಮಾಧಿಕಲ್ಲಿಗೆ ಅಂಗೈ ಅಡ್ಡ ಇಟ್ಟುಬಿಟ್ಟಳು.

"ಅಯ್ಯೋ, ಕೈ ತೆಗಿ ಅಜ್ಜಿ!" ಎಂದು ಮೊಮ್ಮಗಳು ದಾನೂತಾ ಚೀರಿದಳು. ತಾತ ವಲೆಂಟಿ ಬದುಕಿದ್ದಾಗಲೇ, ಊರಿನ ವಾಡಿಕೆಯಂತೆ, ಗಂಡಹೆಂಡಿರಿಬ್ಬರ ಹೆಸರನ್ನೂ ಈ ಕಲ್ಲಿನಲ್ಲಿ ಕೆತ್ತಿಸಿದ್ದ. ಹೆಂಡತಿ ಸಾಯುವ ಇಸವಿಗೂ ‘19’ ಎಂದು ಕೆತ್ತಿಸಿ, ಉಳಿದೆರಡು ಅಂಕಿಗೆ ಜಾಗ ಬಿಟ್ಟು ತಾನು ಹೊರಟುಹೋದ. ಆ ಶತಮಾನವೇ ಮುಗಿಯಿತು. ಅಜ್ಜಿಗೆ ಈಗ ನೂರಾ ಹನ್ನೊಂದು. ನಾಳೆ ಸಕಲ ಸಂತರ ಹಬ್ಬ. ಸಮಾಧಿಗಳಿಗೆ ದೀಪ ಹಚ್ಚಲು ಬರುವ ಊರವರೆಲ್ಲ ಕಲ್ಲು ನೋಡಿ ನಗುತ್ತಾರೆ ಎಂಬುದೇ ದಾನೂತಾಳ ಸಂಕಟ.

"ಹತ್ತೊಂಬತ್ತು ಅಳಿಸಿ ಇಪ್ಪತ್ತು ಮಾಡ್ತೀನಿ, ಅಷ್ಟೇ ಅಜ್ಜಿ," ಎಂದ ಜೆನೆಕ್.

"ಏನೂ ಬೇಡ. ಮದುವೆ ದಿನ ಈ ನಿನ್ನ ತಾತ ಕುದುರೆಗೆ ಲಾಳ ಹೊಡೆಸೋಕೆ ಹೋಗಿ, ನನ್ನನ್ನ ಚರ್ಚ್ ಬಾಗಿಲಲ್ಲಿ ಮಧ್ಯಾಹ್ನದವರೆಗೂ ನಿಲ್ಲಿಸಿದ್ದ, ಗೊತ್ತೇನೇ ದಾನೂತಾ? ಊರೆಲ್ಲ ನೋಡಿ ನಕ್ಕಿತ್ತು."

ಅಜ್ಜಿ ಆ ‘19’ರ ಪಾಚಿಯನ್ನು ಉಗುರಿನಿಂದ ಕೆರೆದು ತೆಗೆದಳು. ನಾಳೆ ಎಲ್ಲರ ಕಣ್ಣಿಗೂ ಅದು ಚೆನ್ನಾಗಿ ಕಾಣಬೇಕು. ಆಮೇಲೆ ಬಗ್ಗಿ, ಕಲ್ಲಿನ ಕಿವಿಯಲ್ಲಿ ಹೇಳುವಂತೆ ಹೇಳಿದಳು:

"ಕಾಯ್ತಾ ಇರು ಕಣಯ್ಯಾ. ಈಗ ನಿನ್ನ ಸರದಿ."