ಕುಪ್ಪಸ ಬಿಚ್ಚುವ ಪರೀಕ್ಷೆ

ಈ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಿಕೊಳ್ಳುವವರು ಆಪರೇಷನ್ನಿನ ಹಿಂದಿನ ದಿನ, ಅದನ್ನು ಮಾಡುವ ಯಂತ್ರಕ್ಕೆ ಪರೀಕ್ಷೆಗೆಂದು ಒಂದು ಕೆಲಸವನ್ನು ಮನೆಯಿಂದ ತರಬೇಕು. ಅದರ ಕೈಚಳಕ ನೋಡಿದ ಮೇಲೆಯೇ ಒಪ್ಪಿಗೆಯ ಸಹಿ. ಪಕ್ಕದ ಹಾಸಿಗೆಯವರು ಅದರ ಕೈಲಿ ಮಲ್ಲಿಗೆ ಮೊಗ್ಗು ಕಟ್ಟಿಸಿದರು. ಒಂದು ಮೊಗ್ಗೂ ನಲುಗಲಿಲ್ಲ.

ನಾನು ತಂದದ್ದು ಹಳೆಯ ಖಣದ ಕುಪ್ಪಸ. ಖಣ ಹರಿಯದಂತೆ ಒಳಗಿನ ಅಸ್ತರ ಬಿಚ್ಚಬೇಕು. ಒಂದು ಕಡೆ ಎರಡನ್ನೂ ಗೋಂದು ಹಚ್ಚಿ ಅಂಟಿಸಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಎರಡು ಸಿಸೇರಿಯನ್ ಆದ ನನ್ನ ಹೊಟ್ಟೆಯಲ್ಲಿ ಗರ್ಭಕೋಶ ಮೂತ್ರಚೀಲಕ್ಕೆ ಹಾಗೆಯೇ ಅಂಟಿರಬಹುದು ಎಂದು ಡಾಕ್ಟರ್ ಹೇಳಿದ್ದರು.

ಕುಪ್ಪಸವನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರು. ಉಕ್ಕಿನ ತೆಳು ಕೈಗಳು ನಾಲ್ಕು ಸಣ್ಣ ತೂತುಗಳಿಂದ ಒಳಹೊಕ್ಕವು. ಪರದೆಯ ಮೇಲೆ ಹೊಲಿಗೆ ಒಂದೊಂದಾಗಿ ಬಿಡುತ್ತ ಬಂದು ಗೋಂದಿನ ಜಾಗ ಸಮೀಪಿಸಿದಾಗ ನಾನು ಪರದೆಯತ್ತ ಬಗ್ಗಿದೆ. ಒಂದು ಕೈ ಮೆಲ್ಲಗೆ ಎಳೆಯಿತು. ಇನ್ನೊಮ್ಮೆ ಎಳೆದು ನಿಂತುಬಿಟ್ಟಿತು.

“ಇಲ್ಲಿ ಬಟ್ಟೆ ಅಂಟಿದೆ. ಇನ್ನೂ ಎಳೆದರೆ ಹರಿಯುತ್ತದೆ. ಡಾಕ್ಟರನ್ನು ಕರೆಯಿರಿ, ಇನ್ನು ಅವರ ಕೈಯೇ ಬೇಕು” ಎಂದಿತು ಯಂತ್ರ.

ಜೊತೆಗೆ ಬಂದಿದ್ದ ನಾದಿನಿ ಇಂದುಮತಿ ನಕ್ಕೇಬಿಟ್ಟಳು. “ಸೋತ್ತು ನೋಡ್ರಿ ವೈನಿ, ನಿಮ್ಮ ಮಷೀನು! ಒಂದು ಕುಬಸ ಬಿಚ್ಚಾಕ ಆಗವಲ್ದು, ನಾಳೆ ನಿಮ್ಮ ಹೊಟ್ಟ್ಯಾಗ ಏನ್ ಮಾಡೀತು? ದೊಡ್ಡ ಗಾಯ ಆದ್ರ ಆಗ್ಲಿ, ಮೊದಲಿಂದ್ಲೇ ಡಾಕ್ಟರ್ ಕೈಲೆ ಮಾಡಸೂಣು.”

ನಾನು ಕುಪ್ಪಸವನ್ನು ಡಬ್ಬಿಯಿಂದ ತೆಗೆಸಿ ಕಿಟಕಿಯ ಬೆಳಕಿಗೆ ಹಿಡಿದು, ಗೋಂದಿನ ಸುತ್ತಲೂ ಬೆರಳಾಡಿಸಿದೆ. ಖಣದ ಒಂದು ಎಳೆಯೂ ಕಿತ್ತುಬಂದಿರಲಿಲ್ಲ.

“ಎಲ್ಲಿ ನಿಲ್ಲಬೇಕು ಅನ್ನೂದು ಅದಕ್ಕ ಗೊತ್ತೈತಿ, ಇಂದೂ” ಎಂದೆ. “ಪೆನ್ ಕೊಡು.”